ಸುರಂಗ ಮುಗಿದ ಮೇಲೆ ಶುರುವಾಗುವ ಕಾಯಿಲೆ

ಮಾನ್ಯರೇ,

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್‌ಕ್ಯಾರಾದಲ್ಲಿ ಕಟ್ಟುತ್ತಿದ್ದ ಹೆದ್ದಾರಿ ಸುರಂಗದ ಒಂದು ಭಾಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. ನವೆಂಬರ್ 28ರಂದು ಅವರೆಲ್ಲರನ್ನೂ ಜೀವಸಹಿತ ಹೊರತರುವವರೆಗೆ ದೇಶದ ಕಣ್ಣು ಆ ಬೆಟ್ಟದ ಮೇಲೆಯೇ ಇತ್ತು. ಒಳಗಿದ್ದವರಲ್ಲಿ 15 ಮಂದಿ ಜಾರ್ಖಂಡ್‌ನವರು, 8 ಮಂದಿ ಉತ್ತರ ಪ್ರದೇಶದವರು, ಉಳಿದವರು ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ, ಹಿಮಾಚಲ ಮತ್ತು ಉತ್ತರಾಖಂಡದವರು ಎಂಬುದು ನಮಗೆಲ್ಲ ಗೊತ್ತಾಯಿತು. ಅವರ ಹೆಸರು, ಊರು, ವಯಸ್ಸುಗಳು ಪತ್ರಿಕೆಗಳಲ್ಲಿ ಬಂದವು. ಸುರಂಗದ ಕೂಲಿಯವರನ್ನು ಒಬ್ಬೊಬ್ಬರಾಗಿ ಎಣಿಸಿ, ಹೆಸರು ಹಿಡಿದು ಗುರುತಿಸಿದ ಸಂದರ್ಭಗಳು ಹೆಚ್ಚಿಲ್ಲ. ಈ ಉಪನ್ಯಾಸದಲ್ಲಿ ನಾನಿಂದು ಹೇಳಬೇಕೆಂದಿರುವುದು ಕುಸಿಯದ ಸುರಂಗಗಳ ವಿಷಯ: ಅಂದುಕೊಂಡಂತೆ ಕೊರೆದು ಮುಗಿದು, ಉದ್ಘಾಟನೆಯೂ ಆಗಿ, ಕೆಲಸಗಾರರು ಲೆಕ್ಕ ಚುಕ್ತಾ ಮಾಡಿಕೊಂಡು ಮುಂದಿನ ಸೈಟಿಗೋ ಊರಿಗೋ ಹೋದ ಮೇಲೆ, ಅವರ ಎದೆಯೊಳಗೆ ಬೆಳೆಯುವ ಸಿಲಿಕೋಸಿಸ್ ಎಂಬ ಕಾಯಿಲೆಯ ವಿಷಯ.

ಮೊದಲು ಧೂಳಿನ ಸ್ವರೂಪವನ್ನು ನೋಡೋಣ. ಭೂಮಿಯ ಹೊರಪದರದ ಬಂಡೆಗಳಲ್ಲಿ ಬೆಣಚುಕಲ್ಲು, ಅಂದರೆ ಸ್ಫಟಿಕರೂಪದ ಸಿಲಿಕಾ, ಬಹಳ ಸಾಮಾನ್ಯವಾದ ಖನಿಜ. ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಅದು ಸುಮಾರಾಗಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರುತ್ತದೆ. ಕೆಲವು ಮರಳುಗಲ್ಲುಗಳಲ್ಲಿ ಶೇ 90ನ್ನೂ ದಾಟುತ್ತದೆ. ಬಂಡೆಯನ್ನು ಕೊರೆದಾಗ, ಸಿಡಿಸಿದಾಗ, ಪುಡಿಗುಟ್ಟಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ, ಮೂಗು ಗಂಟಲಲ್ಲಿ ಕೂತು ಸೀನು ಕೆಮ್ಮು ತರಿಸುವ ದಪ್ಪ ಕಣಗಳಿಂದ ಅಷ್ಟಾಗಿ ಅಪಾಯವಿಲ್ಲ, ಏಕೆಂದರೆ ಅವುಗಳನ್ನು ದೇಹ ಹೊರಹಾಕುತ್ತದೆ. ಅಪಾಯವಿರುವುದು 10 ಮೈಕ್ರಾನಿಗಿಂತ, ಅದರಲ್ಲೂ 5 ಮೈಕ್ರಾನಿಗಿಂತ ಸಣ್ಣ ಕಣಗಳಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಗಾತ್ರದ ಅಂದಾಜು ಸಿಕ್ಕೀತು. ಇವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ಉಸಿರಿನೊಂದಿಗೆ ನೇರವಾಗಿ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ. ಹೀಗಾಗಿ ಧೂಳು ಕಣ್ಣಿಗೆ ಕಾಣದ ಸುರಂಗವೂ ಸುರಕ್ಷಿತವೆಂದು ಹೇಳಲಾಗದು.

ಗಾಳಿಚೀಲಕ್ಕೆ ಬಂದ ಹೊರವಸ್ತುವನ್ನು ನುಂಗಿ ಜೀರ್ಣಿಸುವುದಕ್ಕೆಂದೇ ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಅವು ಸಿಲಿಕಾ ಕಣವನ್ನೂ ನುಂಗುತ್ತವೆ. ಆದರೆ ಅದನ್ನು ಕರಗಿಸಲಾರವು. ಕಣದ ಮೇಲ್ಮೈ ಕೋಶದೊಳಗಿನ ಜೀರ್ಣರಸದ ಚೀಲವನ್ನು ಒಡೆಯುತ್ತದೆ, ಕೋಶ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತಾ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ಅದನ್ನೇ ನುಂಗುತ್ತದೆ. ಈ ಚಕ್ರ ನಿಲ್ಲುವುದಿಲ್ಲ. ಪ್ರತಿ ಸುತ್ತಿನಲ್ಲೂ ಸುತ್ತಲಿನ ಅಂಗಾಂಶದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆದು ಸಣ್ಣ ಗಂಟುಗಳಾಗುತ್ತವೆ. ಗಂಟುಗಳು ಒಂದಕ್ಕೊಂದು ಕೂಡಿಕೊಂಡರೆ ಶ್ವಾಸಕೋಶದ ದೊಡ್ಡ ಭಾಗಗಳೇ ಹಿಗ್ಗಲಾರದ ಗಡ್ಡೆಯಾಗುತ್ತವೆ. ಕೆಲಸ ಬಿಟ್ಟರೂ ಕಣಗಳು ಒಳಗೇ ಇರುವುದರಿಂದ ಕಾಯಿಲೆ ಮುಂದುವರಿಯಬಹುದು. ಆಗತಾನೆ ಒಡೆದ ಸಿಲಿಕಾದ ಮೇಲ್ಮೈ ಹಳೆಯ ಧೂಳಿಗಿಂತ ಹೆಚ್ಚು ವಿಷಕಾರಿ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಸುರಂಗದ ಮುಖದಲ್ಲಿ ನಿಂತವನ ಪಾಲಿಗೆ ಬರುವುದು ಈ ತಾಜಾ ಧೂಳೇ.

ವೈದ್ಯರು ಇದನ್ನು ಕಾಲದ ಲೆಕ್ಕದಲ್ಲಿ ಮೂರು ಬಗೆಯಾಗಿ ನೋಡುತ್ತಾರೆ. ಕಡಿಮೆ ಪ್ರಮಾಣದ ಧೂಳನ್ನು 10 ವರ್ಷಕ್ಕೂ ಹೆಚ್ಚು ಕಾಲ ಸೇವಿಸಿದವರಿಗೆ ಬರುವುದು ದೀರ್ಘಕಾಲಿಕ ರೂಪ. ಪ್ರಮಾಣ ಹೆಚ್ಚಿದ್ದರೆ 5ರಿಂದ 10 ವರ್ಷಗಳಲ್ಲೇ ಕಾಣಿಸಿಕೊಳ್ಳುವುದು ತ್ವರಿತ ರೂಪ. ಅತಿ ಹೆಚ್ಚು ಧೂಳಿದ್ದಲ್ಲಿ ಕೆಲವು ವಾರಗಳಿಂದ ಕೆಲವೇ ವರ್ಷಗಳೊಳಗೆ ಗಾಳಿಚೀಲಗಳಲ್ಲಿ ಪ್ರೋಟೀನು ದ್ರವ ತುಂಬಿ ಉಸಿರು ಕಟ್ಟಿಸುವುದು ತೀವ್ರ ರೂಪ. ಯಾವ ರೂಪಕ್ಕೂ ಗುಣಪಡಿಸುವ ಔಷಧಿಯಿಲ್ಲ. ಇದಲ್ಲದೆ, ಸಿಲಿಕಾದಿಂದ ಕ್ಷಯದ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ, ಕೆಲವು ಸ್ವಯಂಪ್ರತಿರಕ್ಷಣಾ ರೋಗಗಳು ಬರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಉಸಿರಿನ ಮೂಲಕ ಸೇರುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ತೀವ್ರ ರೂಪ ಎಂದರೆ ಏನೆಂಬುದನ್ನು ಜಗತ್ತು ಕಲಿತದ್ದು ಒಂದು ಸುರಂಗದಲ್ಲಿ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗಾಲಿ ಬ್ರಿಡ್ಜ್ ಎಂಬ ಊರಿನ ಹತ್ತಿರ, ನ್ಯೂ ನದಿಯ ನೀರನ್ನು ಬೆಟ್ಟದೊಳಗಿಂದ ತಿರುಗಿಸಿ ವಿದ್ಯುತ್ ಉತ್ಪಾದಿಸಲು 1930ರಲ್ಲಿ ಹಾಕ್ಸ್ ನೆಸ್ಟ್ ಸುರಂಗದ ಕೆಲಸ ಪ್ರಾರಂಭವಾಯಿತು. ಯೂನಿಯನ್ ಕಾರ್ಬೈಡ್ ಸಮೂಹದ ಯೋಜನೆ. ಕೊರೆಯುವ ಗುತ್ತಿಗೆ ರೈನ್‌ಹಾರ್ಟ್ ಅಂಡ್ ಡೆನಿಸ್ ಎಂಬ ಕಂಪನಿಯದು. ಉದ್ದ ಸುಮಾರು 3 ಮೈಲಿ. ಆಗ ಆರ್ಥಿಕ ಕುಸಿತದ ಕಾಲ. ಕೆಲಸ ಸಿಗುತ್ತದೆಂದು ತಿಳಿದು ದಕ್ಷಿಣದ ರಾಜ್ಯಗಳಿಂದ ಸಾವಿರಾರು ಜನ ಬಂದರು. ಸುರಂಗದ ಒಳಗೆ ದುಡಿದವರು ಸುಮಾರು 3,000 ಮಂದಿ, ಅವರಲ್ಲಿ ಬಹುಪಾಲು ಕಪ್ಪು ಜನಾಂಗದ ವಲಸೆ ಕೂಲಿಗಳು.

ಆ ಬೆಟ್ಟದ ಮರಳುಗಲ್ಲಿನಲ್ಲಿ ಸಿಲಿಕಾ ಎಷ್ಟು ಶುದ್ಧವಾಗಿತ್ತೆಂದರೆ ಅಗೆದ ಕಲ್ಲನ್ನು ಕಂಪನಿ ತನ್ನ ಲೋಹ ಕಾರ್ಖಾನೆಗೆ ಕಚ್ಚಾವಸ್ತುವಾಗಿ ಸಾಗಿಸಿತು, ಇನ್ನಷ್ಟು ಸಿಲಿಕಾ ಸಿಗಲೆಂದು ಸುರಂಗದ ಅಗಲವನ್ನೂ ಹೆಚ್ಚಿಸಿತು. ಕಲ್ಲಿನಲ್ಲಿ ಏನಿದೆ ಎಂಬುದು ಯಜಮಾನರಿಗೆ ತಿಳಿದಿರಲಿಲ್ಲ ಎಂದು ಯಾರೂ ವಾದಿಸಲಾಗದಂತೆ ಮಾಡಿದ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ. ಹೀಗಿದ್ದೂ ಕೆಲಸ ಬೇಗ ಮುಗಿಯಲೆಂದು ನೀರು ಹಾಯಿಸದೆ ಒಣಗಿದ್ದಂತೆಯೇ ಬಂಡೆ ಕೊರೆಯಲಾಯಿತು, ಗಾಳಿಯಾಟದ ವ್ಯವಸ್ಥೆ ಸಾಲದಾಗಿತ್ತು, ಸಿಡಿಸಿದ ಧೂಳು ಅಡಗುವ ಮೊದಲೇ ಕೂಲಿಯವರನ್ನು ಒಳಗೆ ಕಳಿಸಲಾಗುತ್ತಿತ್ತು. ಪಾಳಿ ಮುಗಿಸಿ ಹೊರಬಂದವರು ಕರಿಯರೋ ಬಿಳಿಯರೋ ಎಂದು ಗುರುತಿಸಲಾಗದಷ್ಟು ಬಿಳಿ ಧೂಳು ಮೆತ್ತಿಕೊಂಡಿರುತ್ತಿದ್ದರೆಂದು ಆಮೇಲೆ ಸಾಕ್ಷ್ಯ ಹೇಳಿದವರು ನೆನೆದಿದ್ದಾರೆ. ತಿಂಗಳುಗಳಲ್ಲೇ ಸಾವುಗಳು ಶುರುವಾದವು. ನ್ಯುಮೋನಿಯಾ ಎಂದು ಬರೆಯಲಾಯಿತು. ಸ್ಥಳೀಯ ವೈದ್ಯರಲ್ಲಿ ಕೆಲವರು ‘ಟನೆಲೈಟಿಸ್’ ಎಂದು ಹೊಸದೊಂದು ಹೆಸರನ್ನೇ ಇಟ್ಟರು.

ಎಷ್ಟು ಜನ ಸತ್ತರು ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ. ಆ ಜಾಗದಲ್ಲಿ ನಿಲ್ಲಿಸಿದ ಸ್ಮಾರಕ ಫಲಕದಲ್ಲಿದ್ದ ಸಂಖ್ಯೆ 109. 1936ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯ ವಿಚಾರಣೆಯಲ್ಲಿ ಬಂದ ಸಂಖ್ಯೆ 476. ಐದು ದಶಕಗಳ ನಂತರ, 1986ರಲ್ಲಿ, ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯ ಉದ್ಯೋಗ ದಾಖಲೆ ಮತ್ತು ಮರಣ ದಾಖಲೆಗಳನ್ನು ಹೋಲಿಸಿ ಕೊಟ್ಟ ಅಂದಾಜು 764. ಒಂದೇ ಊರಿನ, ಒಂದೇ ಸುರಂಗದ, ಎರಡು ವರ್ಷಗಳೊಳಗಿನ ಕೆಲಸಕ್ಕೆ ಸಂಬಂಧಿಸಿದ ಲೆಕ್ಕದಲ್ಲಿ ಏಳು ಪಟ್ಟು ವ್ಯತ್ಯಾಸ ಬಂದದ್ದು ಹೇಗೆ? ಬಹುತೇಕರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, ಕೆಮ್ಮನ್ನು ಹೊತ್ತುಕೊಂಡು, ಜಾರ್ಜಿಯಾಕ್ಕೋ ಅಲಬಾಮಾಕ್ಕೋ ಕರೋಲಿನಾಕ್ಕೋ ಹಿಂದಿರುಗಿದ್ದರು. ಅಲ್ಲಿ ಸತ್ತವರನ್ನು ಈ ಸುರಂಗಕ್ಕೆ ಸೇರಿಸಿ ನೋಡುವವರು ಯಾರೂ ಇರಲಿಲ್ಲ. ಪರಿಹಾರ ಕೋರಿದ ದಾವೆಗಳು ನ್ಯಾಯಾಲಯದ ಹೊರಗೆ ಇತ್ಯರ್ಥವಾದವು. ಬಿಳಿಯರಿಗಿಂತ ಕರಿಯರಿಗೆ ಬಹಳ ಕಡಿಮೆ ಹಣ ಸಿಕ್ಕಿತು, ರಾಜಿಯ ಭಾಗವಾಗಿ ಕಾರ್ಮಿಕರ ವಕೀಲರು ಪ್ರಕರಣದ ಕಡತಗಳನ್ನು ಎದುರು ಪಕ್ಷಕ್ಕೆ ಒಪ್ಪಿಸಿಬಿಟ್ಟರು. ಹಣದ ಅನ್ಯಾಯಕ್ಕಿಂತ ಈ ಕಡತಗಳ ಒಪ್ಪಿಸುವಿಕೆಯೇ ಹೆಚ್ಚು ಗಂಭೀರವೆಂದು ನನಗನಿಸುತ್ತದೆ, ಏಕೆಂದರೆ ಧೂಳಿನ ಕಾಯಿಲೆಯಲ್ಲಿ ದಾಖಲೆಯೇ ಅರ್ಧ ಚಿಕಿತ್ಸೆ, ಮುಕ್ಕಾಲು ಪರಿಹಾರ.

ಇನ್ನೊಂದು ಮಾತು. ಒದ್ದೆ ಮಾಡಿ ಕೊರೆಯುವ ತಂತ್ರ ಆಗ ಹೊಸದೇನೂ ಅಲ್ಲ. ಕೊಲರಾಡೋದ ಜಾರ್ಜ್ ಲೇನರ್ ಎಂಬಾತ 1890ರ ದಶಕದಲ್ಲಿಯೇ ಟೊಳ್ಳು ಉಳಿಯ ಡ್ರಿಲ್ ರೂಪಿಸಿದ್ದ. ಅವನ ಮೊದಲ ಮಾದರಿ ರಂಧ್ರದೊಳಗೆ ಗಾಳಿ ಊದಿ ಪುಡಿಯನ್ನು ಹೊರಹಾಕುತ್ತಿತ್ತು. ಅದರಿಂದೇಳುವ ಧೂಳನ್ನು ತಾಳಲಾರದೆ ಗಣಿ ಕೆಲಸಗಾರರು ಯಂತ್ರವನ್ನೇ ಬೇಡವೆಂದರು. ಆಗ ಅವನು ಉಳಿಯೊಳಗೆ ನೀರು ಹಾಯಿಸಿದ. ಅಂದರೆ ಹಾಕ್ಸ್ ನೆಸ್ಟ್ ದುರಂತಕ್ಕೆ ಮೂರು ದಶಕಗಳ ಮುಂಚೆಯೇ ಪರಿಹಾರ ಮಾರುಕಟ್ಟೆಯಲ್ಲಿತ್ತು, ಅದನ್ನು ತರಿಸಿದ್ದು ಕೂಲಿಯವರ ನಿರಾಕರಣೆ.

ಈಗ ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಸಿಲಿಕೋಸಿಸ್ ಬಗೆಗಿನ ಮೊದಲ ದೊಡ್ಡ ಸಮೀಕ್ಷೆ ನಡೆದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಅಲ್ಲಿ ಚಿನ್ನವಿದ್ದದ್ದೇ ಬೆಣಚುಕಲ್ಲಿನ ಎಳೆಗಳಲ್ಲಿ; ಚಿನ್ನ ಬೇಕೆಂದರೆ ಬೆಣಚನ್ನು ಪುಡಿ ಮಾಡಲೇಬೇಕು. 1940ರಿಂದ 1946ರ ನಡುವೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಸುಮಾರು ಶೇ 44ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಭಯಂಕರವಾದ ಸಂಖ್ಯೆ. ಆದರೆ ಈ ಸಂಖ್ಯೆ ನಮಗೆ ಸಿಕ್ಕಿರುವುದಾದರೂ ಏಕೆ ಎಂದು ಯೋಚಿಸಿ ನೋಡಿ. ಗಣಿ ದಶಕಗಳ ಕಾಲ ಒಂದೇ ಕಡೆ ನಡೆಯಿತು, 2001ರಲ್ಲಿ ಮುಚ್ಚುವವರೆಗೂ. ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರು ಅಲ್ಲಿಯೇ ಲೈನ್ ಮನೆಗಳಲ್ಲಿ ನೆಲೆಸಿದರು, ತಂದೆಯ ನಂತರ ಮಗ ಅದೇ ಗಣಿಗಿಳಿದ, ಕಂಪನಿಯದೇ ಆಸ್ಪತ್ರೆಯಿತ್ತು. ಸ್ಥಿರವಾಗಿ ನಿಂತ ಜನರಾದ್ದರಿಂದ ಎಣಿಸಲಾಯಿತು.

ಸುರಂಗ ನಿರ್ಮಾಣದಲ್ಲಿ ಈ ಸ್ಥಿರತೆಯೇ ಇಲ್ಲ. ಬೆಂಗಳೂರು ಮೆಟ್ರೊದ ಮೊದಲ ಹಂತದ 8.8 ಕಿಲೋಮೀಟರ್ ನೆಲದಡಿಯ ಮಾರ್ಗವನ್ನು, ಡೈರಿ ಸರ್ಕಲ್‌ನಿಂದ ನಾಗವಾರದವರೆಗಿನ 13 ಕಿಲೋಮೀಟರಿಗೂ ಮಿಕ್ಕ ಗುಲಾಬಿ ಮಾರ್ಗದ ಸುರಂಗವನ್ನು ಕೊರೆದವರು, ನಿಲ್ದಾಣದ ಗುಂಡಿಗಳಲ್ಲಿ ಬಂಡೆ ಒಡೆದವರು ಇಂದು ಎಲ್ಲಿದ್ದಾರೆ? ಅವರಲ್ಲಿ ಅನೇಕರು ಹೊರರಾಜ್ಯದವರು, ಉಪಗುತ್ತಿಗೆಯ ಮೇಸ್ತ್ರಿಗಳ ಮೂಲಕ ಬಂದವರು, ಒಂದು ಯೋಜನೆಯಿಂದ ಇನ್ನೊಂದಕ್ಕೆ ಸಾಗುವವರು. ಬೆಂಗಳೂರಿನ ನೆಲದಡಿ ಇರುವುದು ಬಹುಮಟ್ಟಿಗೆ ಲಾಲ್‌ಬಾಗಿನ ಬಂಡೆಯ ಜಾತಿಯ ನೈಸ್ ಮತ್ತು ಗ್ರಾನೈಟ್. ಹಾಕ್ಸ್ ನೆಸ್ಟ್‌ನಷ್ಟು ಶುದ್ಧ ಸಿಲಿಕಾ ಅಲ್ಲ, ಆದರೆ ಕಡಿಮೆಯೂ ಅಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆಯಿದೆ, ಪಶ್ಚಿಮ ಘಟ್ಟಗಳಲ್ಲಿ ನೀರಿನ, ವಿದ್ಯುತ್ತಿನ ಯೋಜನೆಗಳ ಸುರಂಗಗಳಿವೆ. ಇವುಗಳ ಪರಿಸರ ಪರಿಣಾಮದ ಚರ್ಚೆಯಲ್ಲಿ ಮರ, ಕೆರೆ, ಅಂತರ್ಜಲಗಳ ಪ್ರಸ್ತಾಪ ಬರುತ್ತದೆ, ಬರಬೇಕಾದದ್ದೇ. ಕೊರೆಯುವವನ ಉಸಿರಿನ ಪ್ರಸ್ತಾಪ ಅಷ್ಟಾಗಿ ಕೇಳಿಬರುವುದಿಲ್ಲ.

ಆಧುನಿಕ ಯಂತ್ರಗಳು ಬಂದ ಮೇಲೆ ಈ ಸಮಸ್ಯೆ ಮುಗಿಯಿತಲ್ಲವೇ ಎಂದು ಎಂಜಿನಿಯರ್ ಮಿತ್ರರು ಕೇಳುತ್ತಾರೆ. ಪೂರ್ತಿ ಮುಗಿದಿಲ್ಲ. ಮುಖ ಮುಚ್ಚಿದ, ಕೆಸರಿನ ಒತ್ತಡದಲ್ಲಿ ಕೊರೆಯುವ ಟಿಬಿಎಂ ಎಂಬ ಸುರಂಗ ಕೊರೆಯುವ ಯಂತ್ರಗಳಲ್ಲಿ ಕಲ್ಲಿನ ಪುಡಿ ಒದ್ದೆಯಾಗಿಯೇ ಹೊರಬರುವುದರಿಂದ ಧೂಳು ಬಹಳ ತಗ್ಗುತ್ತದೆ ಎಂಬುದು ನಿಜ. ಆದರೆ ಅದೇ ಕೆಸರು ನೆಲದ ಮೇಲೆ, ಬೆಲ್ಟಿನ ಮೇಲೆ, ಬಟ್ಟೆಯ ಮೇಲೆ ಒಣಗಿದಾಗ ಮತ್ತೆ ಧೂಳಾಗುತ್ತದೆ. ಎರಡು ಸುರಂಗಗಳನ್ನು ಜೋಡಿಸುವ ಅಡ್ಡದಾರಿಗಳನ್ನು ಬ್ರೇಕರ್‌ನಿಂದಲೋ ಸಿಡಿಮದ್ದಿನಿಂದಲೋ ತೆಗೆಯಬೇಕಾಗುತ್ತದೆ. ಗೋಡೆಗೆ ಕಾಂಕ್ರೀಟ್ ಸಿಂಪಡಿಸುವ ಶಾಟ್‌ಕ್ರೀಟ್ ಕೆಲಸದಲ್ಲಿ, ಅದರಲ್ಲೂ ಒಣಮಿಶ್ರಣದ ವಿಧಾನದಲ್ಲಿ, ಧೂಳು ದಟ್ಟವಾಗಿರುತ್ತದೆ. ತಿರುಗುವ ಹಲ್ಲುಗಳಿಂದ ಬಂಡೆಯನ್ನು ಕೆರೆಯುವ ರೋಡ್‌ಹೆಡರ್ ಯಂತ್ರವಂತೂ ಸೂಕ್ಷ್ಮ ಧೂಳಿನ ದೊಡ್ಡ ಮೂಲ. ಸಿಡ್ನಿ ನಗರ ನಿಂತಿರುವುದು ಬೆಣಚು ಹೇರಳವಾಗಿರುವ ಮರಳುಗಲ್ಲಿನ ಮೇಲೆ. ಅಲ್ಲಿನ ಎಂ6 ಹೆದ್ದಾರಿ ಸುರಂಗದಲ್ಲಿ ದುಡಿದ ಹತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು 2025ರಲ್ಲಿ ಸುದ್ದಿಯಾಯಿತು. ಅಡುಗೆಮನೆಯ ಕಟ್ಟೆಗೆ ಬಳಸುವ ಕೃತಕ ಶಿಲೆಯನ್ನು ಇದೇ ಕಾಯಿಲೆಯ ಕಾರಣಕ್ಕೆ 2024ರ ಜುಲೈ 1ರಿಂದ ನಿಷೇಧಿಸಿದ ದೇಶ ಆಸ್ಟ್ರೇಲಿಯಾ. ಅಷ್ಟು ಎಚ್ಚರವಿರುವ ದೇಶದಲ್ಲೂ ಸುರಂಗದ ಧೂಳು ಕೈಮೀರಿತು.

ಮಿತಿಯ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೆರಿಕದ ಕಟ್ಟಡ ಕಾಮಗಾರಿಗಳಿಗೆ 2017ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 8 ಗಂಟೆಯ ಪಾಳಿಯ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಉಸಿರಾಟಕ್ಕೆ ಸಿಲುಕುವ ಸಿಲಿಕಾ 0.05 ಮಿಲಿಗ್ರಾಂ ಮೀರಬಾರದು. ಆಸ್ಟ್ರೇಲಿಯಾದ ಮಿತಿಯೂ ಅಷ್ಟೇ. ದುಡಿಯುವ ಮನುಷ್ಯ ಒಂದು ಪಾಳಿಯಲ್ಲಿ ಸುಮಾರು 10 ಘನಮೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಅಂದರೆ ದಿನಕ್ಕೆ ಅರ್ಧ ಮಿಲಿಗ್ರಾಂ, ಉಪ್ಪಿನ ಕೆಲವೇ ಹರಳುಗಳಷ್ಟು ತೂಕ, ಅದೇ ಗರಿಷ್ಠ. ನಮ್ಮ ಫ್ಯಾಕ್ಟರೀಸ್ ಕಾಯ್ದೆಯ ಷೆಡ್ಯೂಲಿನಲ್ಲಿ ಸಂಖ್ಯೆಯ ಬದಲು ಒಂದು ಸೂತ್ರವಿತ್ತು: ಧೂಳಿನಲ್ಲಿರುವ ಬೆಣಚಿನ ಶೇಕಡಾವಾರಿಗೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ ಧೂಳು ಇರಬಹುದು. ಧೂಳಿನಲ್ಲಿ ಶೇ 30ರಷ್ಟು ಬೆಣಚಿದೆ ಎಂದುಕೊಳ್ಳೋಣ. 10ನ್ನು 32ರಿಂದ ಭಾಗಿಸಿದರೆ 0.31 ಮಿಲಿಗ್ರಾಂ ಧೂಳು, ಅದರಲ್ಲಿ ಬೆಣಚು ಸುಮಾರು 0.09 ಮಿಲಿಗ್ರಾಂ. ಅಂದರೆ ಹೆಚ್ಚುಕಡಿಮೆ ಇಮ್ಮಡಿ ಸಡಿಲ. ಆದರೆ ನನ್ನ ಆಕ್ಷೇಪಣೆ ಈ ಇಮ್ಮಡಿಯ ಬಗ್ಗೆ ಅಷ್ಟಾಗಿ ಇಲ್ಲ. ಮಿತಿ ಯಾವುದಾದರೂ ಇರಲಿ, ಕೆಲಸಗಾರನ ಸೊಂಟಕ್ಕೆ ಸಣ್ಣ ಪಂಪು, ಕಾಲರಿಗೆ ಅದರ ಕೊಳವೆ ಸಿಕ್ಕಿಸಿ, ಪಾಳಿಯುದ್ದಕ್ಕೂ ಅವನು ಉಸಿರಾಡುವ ಗಾಳಿಯನ್ನು ಸೋಸಿ, ಸೋಸುಹಾಳೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಆ ಮಿತಿ ಮೀರಿತೋ ಇಲ್ಲವೋ ಹೇಳಲು ಬೇರೆ ದಾರಿಯಿಲ್ಲ. ಅಳತೆ ನಡೆಯದ ಕಡೆ ಮಿತಿ ಎಂಬುದು ಬರೀ ಕಾಗದದ ಮಾತು.

ಅಳತೆಯಿಲ್ಲದೆ ಆಗುವ ನಷ್ಟವನ್ನು ಗುಜರಾತಿನ ಗೋಧ್ರಾ ಪ್ರಕರಣ ತೋರಿಸುತ್ತದೆ. ಅದು ಸುರಂಗವಲ್ಲ, ಬೆಣಚುಕಲ್ಲನ್ನು ಪುಡಿ ಮಾಡುವ ಕಾರ್ಖಾನೆಗಳು. ಆದರೆ ಕೂಲಿಯವರ ಸ್ಥಿತಿ ಒಂದೇ. ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿಗಳು ಬಂದು ಕೆಲವು ತಿಂಗಳು ದುಡಿದು ಹಿಂದಿರುಗಿ ಊರಿನಲ್ಲಿ ಸತ್ತರು. ಕೆಲಸ ಮಾಡಿದ್ದು ಒಂದು ರಾಜ್ಯ, ಸತ್ತದ್ದು ಇನ್ನೊಂದು ರಾಜ್ಯ, ಕೈಯಲ್ಲಿ ಹಾಜರಿ ಚೀಟಿಯೂ ಇಲ್ಲ. ಸ್ವಯಂಸೇವಾ ಸಂಘಟನೆಗಳು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟ್ 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ನೌಕರರ ಪರಿಹಾರ ಕಾಯ್ದೆಯಲ್ಲಿ ಸಿಲಿಕೋಸಿಸ್ ಔದ್ಯೋಗಿಕ ರೋಗವೆಂದು ಬಹಳ ಹಿಂದಿನಿಂದಲೂ ಇತ್ತು. ಅವರು ಕಾಯಬೇಕಾಗಿ ಬಂದದ್ದು ಕಾನೂನಿನ ಕೊರತೆಯಿಂದಲ್ಲ, ದಾಖಲೆಯ ಕೊರತೆಯಿಂದ. ರಾಜಸ್ಥಾನ ಸರ್ಕಾರ 2019ರಲ್ಲಿ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ಪ್ರತ್ಯೇಕ ನೀತಿ ತಂದು, ರೋಗ ದೃಢಪಟ್ಟವರಿಗೆ ಯಜಮಾನ ಯಾರೆಂದು ಸಾಬೀತುಪಡಿಸುವ ಹೊರೆಯಿಲ್ಲದೆ ನೆರವು ಸಿಗುವ ವ್ಯವಸ್ಥೆ ಮಾಡಿತು. ಸುರಂಗದ ವಲಸೆ ಕೂಲಿಗೆ ಬೇಕಾದದ್ದು ಈ ಬಗೆಯ ವ್ಯವಸ್ಥೆ.

ನನ್ನ ಸಲಹೆ ಟೆಂಡರ್ ದಾಖಲೆಗೆ ಸಂಬಂಧಿಸಿದ್ದು. ಸಿಮೆಂಟಿಗೆ, ಕಬ್ಬಿಣಕ್ಕೆ, ಸಿಡಿಮದ್ದಿಗೆ ಹೇಗೆ ಪ್ರತ್ಯೇಕ ಬಾಬ್ತುಗಳಿರುತ್ತವೋ ಹಾಗೆಯೇ ಧೂಳಿನ ಅಳತೆಗೆ, ಒದ್ದೆ ಕೊರೆತಕ್ಕೆ, ಮುಖದವರೆಗೆ ತಲುಪುವ ಗಾಳಿ ಕೊಳವೆಗಳಿಗೆ, ಕೆಲಸಕ್ಕೆ ಸೇರುವಾಗಿನ ಮತ್ತು ಬಿಡುವಾಗಿನ ಎದೆಯ ಎಕ್ಸ್‌ರೇ ಹಾಗೂ ಉಸಿರಾಟದ ಪರೀಕ್ಷೆಗೆ ಪ್ರತ್ಯೇಕ ಬಾಬ್ತು, ಪ್ರತ್ಯೇಕ ದರ ಇರಬೇಕು. ಗುತ್ತಿಗೆದಾರ ಅದನ್ನು ತನ್ನ ಲಾಭದಿಂದ ಕೊಡಬೇಕೆಂದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಪರೀಕ್ಷೆಯ ಪ್ರತಿಯನ್ನು ಕೆಲಸಗಾರನ ಕೈಗೆ ಕೊಡಬೇಕು. ಎಷ್ಟು ತಿಂಗಳು, ಯಾವ ಬಂಡೆಯಲ್ಲಿ, ಯಾವ ಕೆಲಸ, ಅಳತೆಯಲ್ಲಿ ಬಂದ ಧೂಳು ಎಷ್ಟು ಎಂಬ ವಿವರ ಅದರಲ್ಲಿರಬೇಕು. ದಾಖಲೆಯನ್ನು ಗುತ್ತಿಗೆ ಕಂಪನಿಯ ಬಳಿ ಮಾತ್ರ ಬಿಡದೆ, ಯೋಜನೆಯ ಒಡೆಯನಾದ ಸರ್ಕಾರಿ ಸಂಸ್ಥೆ ಕನಿಷ್ಠ 40 ವರ್ಷ ಕಾಪಾಡಬೇಕು, ಏಕೆಂದರೆ ಇಪ್ಪತ್ತರ ಹರೆಯದಲ್ಲಿ ಡ್ರಿಲ್ ಹಿಡಿದವನಿಗೆ ದಮ್ಮು ಹತ್ತುವುದು ಐವತ್ತು ದಾಟಿದ ಮೇಲಿರಬಹುದು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ. ಮಾಸ್ಕ್ ಕೊಟ್ಟರೆ ಸಾಲದೇ ಎಂಬುದು ಮೊದಲನೆಯದು. ಮುಖಕ್ಕೆ ಸರಿಯಾಗಿ ಅಂಟಿ ಕೂತ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಉಪಯುಕ್ತ; ಆದರೆ ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ, ಸುರಂಗದ ಸೆಕೆಯಲ್ಲಿ ಅದನ್ನು ಇಡೀ ಪಾಳಿ ಹಾಕಿಕೊಂಡಿರುವುದು ಕಷ್ಟ. ಮೂಗಿಗೆ ಕಟ್ಟುವ ಟವೆಲ್ಲಿನಿಂದ ಏನೂ ಪ್ರಯೋಜನವಿಲ್ಲ. ನೀರು ಮತ್ತು ಗಾಳಿಯಾಟದಿಂದ ಧೂಳನ್ನು ಮೂಲದಲ್ಲೇ ತಗ್ಗಿಸಿದ ಮೇಲೆ ಉಳಿದದ್ದಕ್ಕಷ್ಟೇ ಮಾಸ್ಕ್. ಮಾಸ್ಕನ್ನೇ ಮೊದಲ ಉಪಾಯವಾಗಿ ಮುಂದಿಡುವ ಕಂಪನಿ ಹೊಣೆಯನ್ನು ಕೆಲಸಗಾರನ ಮೂಗಿನ ಮೇಲೆ ಹಾಕುತ್ತಿದೆ.

ಎರಡನೆಯ ಪ್ರಶ್ನೆ ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರದು: ಎಕ್ಸ್‌ರೇಯಲ್ಲಿ ಕ್ಷಯವನ್ನೂ ಸಿಲಿಕೋಸಿಸ್ಸನ್ನೂ ಹೇಗೆ ಬೇರ್ಪಡಿಸುವುದು? ಎರಡೂ ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುವುದರಿಂದ ಗೊಂದಲ ಸಹಜ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇರುವ ನಮ್ಮ ದೇಶದಲ್ಲಿ ಕಣ್ಣು ಮೊದಲು ಕ್ಷಯದ ಕಡೆಗೇ ಹೋಗುತ್ತದೆ. ಎರಡೂ ಒಟ್ಟಿಗೇ ಇರಬಹುದಾದ್ದರಿಂದ ಕಫ ಪರೀಕ್ಷೆಯನ್ನು ಬಿಡುವಂತಿಲ್ಲ. ಆದರೆ ಎರಡೂ ಪಕ್ಕಗಳಲ್ಲಿ ಸಮನಾಗಿ ಹರಡಿದ ಸಣ್ಣ ದುಂಡು ಗಂಟುಗಳು, ಉಸಿರಿನ ಕೊಳವೆ ಶ್ವಾಸಕೋಶವನ್ನು ಸೇರುವ ಜಾಗದ ಹಾಲ್ರಸ (ಲಿಂಫ್) ಗ್ರಂಥಿಗಳಲ್ಲಿ ಮೊಟ್ಟೆಯ ಚಿಪ್ಪಿನಂತೆ ಕಾಣುವ ಸುಣ್ಣದ ಗೆರೆ, ಕಫದಲ್ಲಿ ಕ್ಷಯಾಣು ಸಿಗದಿರುವುದು, ಕ್ಷಯದ ಔಷಧಿಯನ್ನು ಪೂರ್ತಿ ಮುಗಿಸಿದ ಮೇಲೂ ಚಿತ್ರ ಬದಲಾಗದಿರುವುದು, ಇವು ಸಿಲಿಕೋಸಿಸ್ ಕಡೆಗೆ ಬೊಟ್ಟು ಮಾಡುತ್ತವೆ. ಇವೆಲ್ಲಕ್ಕಿಂತ ಮೊದಲು, ಹೊರರೋಗಿ ಚೀಟಿಯಲ್ಲಿ ‘ಕೂಲಿ’ ಎಂದಷ್ಟೇ ಬರೆದು ಬಿಡದೆ, ಹಿಂದೆ ಯಾವ ಯಾವ ಊರಿನಲ್ಲಿ ಏನೇನು ಕೆಲಸ ಮಾಡಿದ್ದೀರಿ, ಕಲ್ಲು ಕೊರೆದದ್ದುಂಟೇ, ಸುರಂಗಕ್ಕೆ ಇಳಿದದ್ದುಂಟೇ ಎಂದು ಕೇಳಿ, ಉತ್ತರವನ್ನು ವರ್ಷದ ಸಮೇತ ಬರೆದಿಡಬೇಕು.